ಹುಳದ ಮನೆ ಬಾಗಿಲ ಬಿಳಿ ಗೆರೆ

ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹುಳದ ಮನೆ ಇದೆ. ರೇಷ್ಮೆ ಹುಳ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು; ಹಿಪ್ಪುನೇರಳೆ ಇದ್ದ ಕಡೆ ಈಗ ಟೊಮೆಟೊ ಬೆಳೆಯುತ್ತೇವೆ. ಆದರೂ ಅದರ ಹೆಸರು ಹುಳದ ಮನೆಯೇ. ಅಲ್ಲಿ ಈಗ ಓಡುವುದು ರೈಲು. ಬೆಂಕಿಪೊಟ್ಟಣಕ್ಕಿಂತ ಕೊಂಚ ಉದ್ದದ ಇಂಜಿನ್ನು, ಅದರ ಹಿಂದೆ ಪುಟಾಣಿ ಬೋಗಿಗಳು. ಐವತ್ತು ದಾಟಿದ ಹೈಸ್ಕೂಲು ಮೇಷ್ಟ್ರು ಆಟದ ರೈಲು ಓಡಿಸುತ್ತಾನೆ ಎಂದು ವಕ್ಕಲೇರಿಯ ಟೀ ಅಂಗಡಿಯಲ್ಲಿ ಆಡಿಕೊಳ್ಳುವುದು ನನಗೆ ಗೊತ್ತು. ಊರ ಬಾಯಿ ಮುಚ್ಚಿಸಲು ಆಗುತ್ತದೆಯೇ? ಆಡಿಕೊಳ್ಳಲಿ.

ನಾನು ಕಟ್ಟುತ್ತಿರುವುದು ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುತ್ತಿದ್ದ ಹಳೆಯ ಚಿಕ್ಕ ರೈಲಿನ ದಾರಿ. ಈಗಿನ ಅಗಲ ಹಳಿಯದಲ್ಲ, ಅಮ್ಮ ಮದುವೆಯಾಗಿ ಬಂದ ರೈಲಿನದು. ಅಮ್ಮನ ತವರು ಶ್ರೀನಿವಾಸಪುರದ ಕಡೆ. ಪ್ರೀತಿ ಉಕ್ಕಿದಾಗ, ಸಿಟ್ಟು ಬಂದಾಗ ಅವಳ ಬಾಯಲ್ಲಿ ಬರುವುದು ತೆಲುಗು. ಹಲಗೆಯ ಒಂದು ತುದಿಯಲ್ಲಿ ಕೋಲಾರದ ಬಂಡೆಗುಡ್ಡ, ನಡುವೆ ಹಸಿರು ಬಣ್ಣ ಬಳಿದ ತೆಂಗಿನ ನಾರಿನ ಮಾವಿನ ತೋಪು, ಇನ್ನೊಂದು ತುದಿಯಲ್ಲಿ ಅವಳ ಊರಿನ ಸ್ಟೇಷನ್ನು. ಮಂಡಿ ನೋವಿನಿಂದ ಅವಳು ಹಿತ್ತಿಲಿಗೆ ಬರುವುದೇ ಅಪರೂಪ. "ಸ್ಟೇಷನ್ ಮುಗಿದ ಮೇಲೆ ಹೇಳು, ಬಂದು ನೋಡ್ತೀನಿ. ಅರ್ಧಂಬರ್ಧ ನೋಡಿದ್ರೆ ಏನ್ ಚೆಂದ," ಅಂದಿದ್ದಳು.

ಸ್ಟೇಷನ್ನು ಮುಗಿಯದೆ ಇದ್ದುದಕ್ಕೆ ಕಾರಣ ಬೆಕ್ಕು. ನಮ್ಮಲ್ಲಿ ಎರಡಿವೆ, ತಾಯಿ ಮತ್ತು ಮಗ. ಮಗನಿಗೆ ಅಮ್ಮನ ಮಂಚದ ಮೇಲೆ ಮಲಗುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ತಾಯಿ ಹಾಗಲ್ಲ. ಹುಳ ಸಾಕುವವರ ಮನೆಯಲ್ಲಿ ಇಲಿ ಕಾಯಲು ಬೆಕ್ಕು ಇರಲೇಬೇಕು. ಇವಳ ಅಜ್ಜಿ ಮುತ್ತಜ್ಜಿಯರೆಲ್ಲ ಆ ಕೋಣೆಯಲ್ಲೇ ನೌಕರಿ ಮಾಡಿದವರು. ಹಕ್ಕಿನ ಮಾತಿಗೆ ಬಂದರೆ ಒತ್ತುವರಿ ಮಾಡಿದವನು ನಾನೇ. ಅವಳು ದಿನಾ ಬಂದು, ಮಾವಿನ ತೋಪು ತುಳಿದು, ಸ್ಟೇಷನ್ನಿನ ಚಾವಣಿಯ ಮೇಲೆ ಕುಳಿತು, ರೈಲು ಬರುವುದನ್ನೇ ಕಾಯುತ್ತಿದ್ದಳು. ಬಂದ ಕೂಡಲೇ ಒಂದು ಏಟು. ರೈಲು ಹಳಿ ಬಿಟ್ಟು ನೆಲಕ್ಕೆ.

ಬಾಗಿಲು ಹಾಕಿದರೆ ಸೂರಿನ ಕೆಳಗಿನ ಗಾಳಿಕಿಂಡಿಯಿಂದ ಬರುತ್ತಾಳೆ. ನಿಂಬೆಸಿಪ್ಪೆ ಇಟ್ಟೆ, ಮೂಸಿ ಸುಮ್ಮನಾದಳು. ಹುಳಕ್ಕೆ ಕಾಟ ಕೊಡುವ ಊಜಿ ನೊಣ ಬರದಂತೆ ಕಟ್ಟುತ್ತಿದ್ದ ಹಳೆಯ ನೈಲಾನ್ ಪರದೆಯನ್ನು ಹಲಗೆಯ ಮೇಲೆ ಇಳಿಬಿಟ್ಟೆ. ಅದರೊಳಗೆ ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿದಳು. "ರೈಲಿಗೆ ಸೊಳ್ಳೆ ಪರದೆ ಕಟ್ಟಿದ ಗಂಡಸು ಇಡೀ ತಾಲ್ಲೂಕಲ್ಲಿ ನೀವೊಬ್ರೇ," ಎಂದು ನನ್ನ ಹೆಂಡತಿ ನಕ್ಕಳು. ಆ ನಗುವಿಗೆ ನನ್ನ ತಲೆ ಕೆಟ್ಟಿತು. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು.

ಹುಳ ಸಾಕುವಾಗ ಬಾಗಿಲಲ್ಲಿ ಸುಣ್ಣದ ಪುಡಿಗೆ ಚೂರು ಬ್ಲೀಚಿಂಗ್ ಪೌಡರ್ ಬೆರೆಸಿ ಗೆರೆ ಎಳೆಯುವುದು ನಮ್ಮ ಕಡೆಯ ವಾಡಿಕೆ. ತುಳಿದು ಬಂದವರ ಕಾಲಿನ ರೋಗ ಹುಳಕ್ಕೆ ಅಂಟಬಾರದೆಂದು ಅದು. ಆ ಗೆರೆ ದಾಟಿ ಯಾವ ಕೇಡೂ ಒಳಗೆ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದುದನ್ನು ಕೇಳಿಯೇ ಬೆಳೆದವನು ನಾನು. ಇದರ ಘಾಟಿಗೆ ಬೆಕ್ಕೂ ಬರುವುದಿಲ್ಲ ಎಂದುಕೊಂಡೆ. ಚೂರು ಸಾಕಾಗುವ ಕಡೆ ಬೊಗಸೆ ತುಂಬ ಬ್ಲೀಚಿಂಗ್ ಪೌಡರ್ ಬೆರೆಸಿ, ಬಾಗಿಲಿಗೊಂದು ದಪ್ಪ ಗೆರೆ ಎಳೆದು, ಹಲಗೆಯ ಅಂಚಿಗೆಲ್ಲ ಉದುರಿಸಿದೆ. ಹೆಂಡತಿ ಮಾಲೂರಿನ ತಂಗಿ ಮನೆಗೆ ಹೋಗಿದ್ದಳು. ಬೇಡ ಅನ್ನುವವರು ಯಾರೂ ಇರಲಿಲ್ಲ.

ಸಂಜೆ ಶಾಲೆಯಿಂದ ಬಂದು ನೋಡಿದರೆ ಹಳಿಯ ಉದ್ದಕ್ಕೂ ಬಿಳಿ ಹೆಜ್ಜೆ. ತೋಪಿನ ಮೇಲೆ, ಸ್ಟೇಷನ್ನಿನ ಮೇಲೆ, ಎಲ್ಲೆಲ್ಲೂ. ತಾಯಿ ಬೆಕ್ಕು ಮೂಲೆಯಲ್ಲಿ ಕುಳಿತು ಕಾಲು ನೆಕ್ಕಿಕೊಳ್ಳುತ್ತಿತ್ತು. ನಾನು ಅದನ್ನು ಗದರಿಸಿ ಓಡಿಸಿ, ಬಟ್ಟೆ ತೆಗೆದುಕೊಂಡು ಹಳಿ ಒರೆಸಲು ಕುಳಿತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅದು ಏನನ್ನು ನೆಕ್ಕುತ್ತಿದೆ ಎಂಬುದು ನನ್ನ ತಲೆಗೆ ಬಂದದ್ದು ಹಳಿಯೆಲ್ಲ ಹೊಳೆಯುವಂತೆ ಒರೆಸಿ ಮುಗಿಸಿದ ಮೇಲೆ.

ಹುಡುಕಿದಾಗ ಕಲ್ಲಿನ ತೊಟ್ಟಿಯ ಹಿಂದೆ ಜೊಲ್ಲು ಸುರಿಸುತ್ತ ಮುದುರಿಕೊಂಡಿತ್ತು. ನಲ್ಲಿಯಡಿ ಅದರ ಕಾಲು ತೊಳೆದೆ, ಪರಚಲೂ ಇಲ್ಲ. ಹುಳದ ಮನೆಯ ಪುಡಿಯನ್ನೆಲ್ಲ ಗುಡಿಸಿ, ನೀರು ಹಾಕಿ ತೊಳೆದುಬಿಟ್ಟೆ. ಮಾರನೆಯ ಬೆಳಿಗ್ಗೆ ಅದನ್ನು ಟೊಮೆಟೊ ಕ್ರೇಟಿನಲ್ಲಿ ಕೂರಿಸಿ, ಮೇಲೊಂದು ಕ್ರೇಟು ಮಗುಚಿ ಕಟ್ಟಿ, ಪಶು ಆಸ್ಪತ್ರೆಗೆ ಒಯ್ದೆ. ಅಲ್ಲಿ ಸಾಲಾಗಿ ಸೀಮೆಹಸುಗಳು. "ಏನ್ ಮೇಷ್ಟ್ರೇ, ಹೊತ್ತಿಗೆ ಎಷ್ಟು ಲೀಟರ್ ಕೊಡ್ತದೆ?" ಎಂದು ಹಗ್ಗ ಹಿಡಿದಿದ್ದ ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಡಾಕ್ಟರು ಬಾಯಿ ಬಿಡಿಸಿ ನೋಡಿದರು. ನಾಲಿಗೆಯೆಲ್ಲ ಹುಣ್ಣು. "ಏನು ನೆಕ್ಕಿತು ಇದು?" ಎಂದಾಗ ಮೆಲ್ಲಗೆ ನಿಜ ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಸೂಜಿ ಹಾಕಿದರು. "ತಣ್ಣಗಿನ ಹಾಲು ಹನಿಹನಿಯಾಗಿ ಬಿಡಿ. ತಾನಾಗಿ ತಿನ್ನೋಕೆ ಶುರು ಮಾಡಿದ್ರೆ ಉಳಿಯುತ್ತೆ. ಇಲ್ಲಾಂದ್ರೆ ಕಷ್ಟ," ಅಂದರು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕುಳಿತಿದ್ದಳು. "ಡಾಕ್ಟರು ಏನಂದ್ರೋ?"

"ಬಾಯಿ ಸುಟ್ಟಿದೆಯಂತೆ," ಅಂದೆ. ಬಗ್ಗಿ ಕ್ರೇಟಿನ ಕಟ್ಟು ಬಿಚ್ಚತೊಡಗಿದೆ.

ಅಮ್ಮ ಅಡುಗೆಮನೆಯ ಕಡೆ ತಿರುಗಿ ಹಾಲಿನ ಪಾತ್ರೆ ನೋಡಿದಳು. "ಅಯ್ಯೋ ಪಾಪಮು. ನಿನ್ನೆ ಮಧ್ಯಾಹ್ನ ಹಾಲು ಕಾಸಿ ಹಂಗೇ ಅದರ ಬಟ್ಟಲಿಗೆ ಹಾಕಿಬಿಟ್ಟೆ ಕಣೋ. ಕಣ್ಣು ಮಂಜು, ಹಬೆ ಕಾಣಿಸಲಿಲ್ಲ. ನಾನೇ ಸುಟ್ಟುಬಿಟ್ಟೆ ಅದರ ಬಾಯಿ."

ಆಗ ಹೇಳಬೇಕಿತ್ತು. ಹೇಳಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಮಕ್ಕಳಿಗೆ ಗಾದೆ ಹೇಳಿಕೊಡುವವನು ನಾನು. ಆ ದಿನ ಕಣ್ಣು ಮುಚ್ಚಿದ್ದು ಬೆಕ್ಕಲ್ಲ.

ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಸಾಲದು ಎಂದು ಅಮ್ಮ ಅತ್ತಳು. ಅದು ಬಾಯಿಗಿಡುವವರೆಗೆ ತಾನೂ ಕಾಫಿ ಮುಟ್ಟುವುದಿಲ್ಲ ಅಂದಳು. ಕಾಫಿಯಿಲ್ಲದೆ ಅವಳಿಗೆ ಬೆಳಗೇ ಆಗುವುದಿಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡು, ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡು, ಬತ್ತಿಯನ್ನು ಹಾಲಲ್ಲಿ ಅದ್ದಿ ಅದರ ತುಟಿಗೆ ಹಿಂಡುತ್ತಿದ್ದಳು. ನಾನು ಶಾಲೆಗೆ ಹೋಗುತ್ತಿದ್ದೆ, ಬರುತ್ತಿದ್ದೆ. ನನ್ನ ಲೋಟದ ಕಾಫಿ ದಿನಾ ಗಂಟಲಲ್ಲಿ ಇಳಿಯುತ್ತಲೇ ಇತ್ತು.

ಬೆಕ್ಕು ಉಳಿಯಿತು. ಒಂದು ಬೆಳಿಗ್ಗೆ ತಾನೇ ಎದ್ದು ಬಟ್ಟಲಿಗೆ ಬಾಯಿ ಹಾಕಿತು. ಅಮ್ಮ ಕಾಫಿ ಕುಡಿದಳು.

ಆಮೇಲೆ ನನ್ನ ರೈಲಿಗೆ ಯಾರ ಕಾಟವೂ ಇರಲಿಲ್ಲ. ಸ್ಟೇಷನ್ನು ಮುಗಿಯಿತು. ಅಮ್ಮನನ್ನು ಕರೆದೆ. ಅವಳು ಬೆಕ್ಕನ್ನು ಸೊಂಟಕ್ಕೇರಿಸಿಕೊಂಡು, ಒಂದು ಕೈಯಿಂದ ಗೋಡೆ ಹಿಡಿದು ನಿಧಾನವಾಗಿ ಹಿತ್ತಿಲಿಗೆ ಬಂದಳು. ಹುಳದ ಮನೆಯ ಹೊಸ್ತಿಲಿಗೆ ಬರುತ್ತಲೇ ಬೆಕ್ಕು ಮೈ ಬಿಗಿ ಮಾಡಿ, ಅಮ್ಮನ ಕೈ ಪರಚಿ, ಕೆಳಗೆ ಹಾರಿತು. ಗೆರೆ ಇದ್ದ ಜಾಗದಿಂದ ಮಾರು ದೂರ ಕುಳಿತು ನಮ್ಮನ್ನೇ ನೋಡಿತು. ನೆಲ ತೊಳೆದು ಎಷ್ಟೋ ದಿನವಾಗಿತ್ತು. ಅಲ್ಲಿ ಒಂದು ಚುಕ್ಕೆ ಬಿಳುಪೂ ಇರಲಿಲ್ಲ.

ಅಮ್ಮ ಪರಚಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನೋಡು, ನನ್ನ ಕೈ ಮೇಲೆ ನಂಬಿಕೆ ಹೋಗಿದೆ ಅದಕ್ಕೆ. ಹೋಗದೆ ಇರುತ್ತಾ?"

ನನಗೆ ತಡೆಯಲಾಗಲಿಲ್ಲ. "ಅಮ್ಮ, ಹಾಲಲ್ಲ. ನಾನು ಬ್ಲೀಚಿಂಗ್ ಪೌಡರ್ ಹಾಕಿದ್ದೆ, ಇಲ್ಲೇ, ಬಾಗಿಲಲ್ಲಿ. ಅದನ್ನ ನೆಕ್ಕಿ ಹಂಗಾಗಿದ್ದು. ಡಾಕ್ಟರಿಗೂ ಗೊತ್ತು," ಎಂದು ಎಲ್ಲ ಹೇಳಿದೆ.

ಅಮ್ಮ ನನ್ನ ಕೆನ್ನೆ ಸವರಿದಳು.

"ನಾನು ಕೊರಗ್ತೀನಿ ಅಂತ ತಪ್ಪು ನಿನ್ನ ಮೇಲೆ ಹಾಕ್ಕೋತೀಯ. ನೀನು ಹಂಗೆ ಮಾಡೋನಲ್ಲ ಅಂತ ನನಗೆ ಗೊತ್ತಿಲ್ವಾ? ಮಂಚಿವಾಡಿವಿರಾ ನಾಯನಾ, ಒಳ್ಳೇವನು ನೀನು." ಇನ್ನೆರಡು ಸಲ ಹೇಳಿದೆ. ಪ್ರತಿ ಸಲವೂ ಅವಳ ಕಣ್ಣಲ್ಲಿ ನಾನು ಇನ್ನಷ್ಟು ಒಳ್ಳೆಯವನಾದೆ. ರೈಲು ಓಡಿಸು ಅಂದಳು. ಓಡಿಸಿದೆ. ತನ್ನ ಊರಿನ ಸ್ಟೇಷನ್ನು ನೋಡಿ ತಲೆದೂಗಿದಳು.

ಈಗಲೂ ಅಮ್ಮ ಬೆಕ್ಕಿನ ಹಾಲನ್ನು ಎರಡು ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು ಆರಿಸುತ್ತಾಳೆ. ಬೆರಳು ಅದ್ದಿ ನೋಡುತ್ತಾಳೆ. ಅದೂ ಸಾಲದೆ ನನ್ನನ್ನು ಕರೆದು, "ನೀನೊಂದ್ಸಲ ನೋಡು ನಾಯನಾ, ಆರಿದೆಯಾ?" ಎಂದು ಬಟ್ಟಲು ಮುಂದಕ್ಕೆ ಹಿಡಿಯುತ್ತಾಳೆ. ನಾನು ಬೆರಳು ಅದ್ದಿ, ಆರಿದೆ ಅನ್ನುತ್ತೇನೆ. ತನ್ನ ಬೆರಳನ್ನು ಅವಳು ನಂಬುವುದಿಲ್ಲ, ನನ್ನದನ್ನು ನಂಬುತ್ತಾಳೆ.