ಮುಳುಗುವ ಜಾಕೆಟ್‌ಗಳನ್ನು ಹುಡುಕುವ ಟೈಲರಕ್ಕ

ಬೆಳಗಿನ ಐದೂ ಮುಕ್ಕಾಲು. ಸರೋವರದ ನೀರು ಇನ್ನೂ ಬೂದು ಬಣ್ಣದಲ್ಲಿದೆ. ಜೆಟ್ಟಿಗೆ ಸಾಲಾಗಿ ಕಟ್ಟಿದ ಹೌಸ್‌ಬೋಟುಗಳಲ್ಲಿ ರಜೆಗೆ ಬಂದ ಸಂಸಾರಗಳೆಲ್ಲ ಗಾಢ ನಿದ್ದೆಯಲ್ಲಿವೆ. ಜೆಟ್ಟಿಯ ತುದಿಯ ಹಲಗೆಯ ಮೇಲೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳಿಗೆ ಕಬ್ಬಿಣದ ತೂಕದ ಕಲ್ಲು ಕಟ್ಟಿ, ಒಂದೊಂದನ್ನೇ ನೀರಿಗೆ ಇಳಿಬಿಡುತ್ತಿದ್ದಾರೆ. ಹನ್ನೆರಡು ಜಾಕೆಟ್, ಹನ್ನೆರಡು ಹಗ್ಗ, ಹಗ್ಗ ಬಿಗಿಯಲು ಹಲಗೆಯಲ್ಲಿ ಹನ್ನೆರಡು ಮೊಳೆ. ಎಲ್ಲವೂ ಮಕ್ಕಳ ಅಳತೆಯವು.

ನಾನು ಆ ಹೊತ್ತಿನಲ್ಲಿ ಅಲ್ಲಿ ಇರಬೇಕಾದವಳಲ್ಲ. ಗಂಡ, ಆರು ವರ್ಷದ ಮಗಳು, ಮೂರು ವರ್ಷದ ಮಗನ ಜೊತೆ ನಾಲ್ಕು ದಿನದ ರಜೆಗೆ ಬಂದಿದ್ದೇನೆ. ಲೇಖನ, ಗಡುವು, ಫೋನು ಎಲ್ಲಕ್ಕೂ ರಜೆ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಚಿಕ್ಕವನು ನೀರು ಬೇಕೆಂದು ಎಬ್ಬಿಸಿ, ಎರಡು ಗುಟುಕು ಕುಡಿದು ಮತ್ತೆ ಮಲಗಿಬಿಟ್ಟ. ನನ್ನ ನಿದ್ದೆ ಹಾರಿತು. ಗಂಡನ ಗೊರಕೆಗಂತೂ ದೋಣಿಯೇ ಅಲ್ಲಾಡುತ್ತಿತ್ತು. ಹೊರಗೆ ಬಂದೆ.

"ಹಲಗೆ ಒದ್ದೆ ಇದೆ ಮೇಡಂ, ಜೋಪಾನ" ಎನ್ನುತ್ತಾರೆ ಆ ಹೆಂಗಸು, ತಲೆಯೆತ್ತದೆ.

ಏನು ಮಾಡುತ್ತಿದ್ದೀರಿ ಎಂದು ಕೇಳುತ್ತೇನೆ.

"ಹೊರುತ್ತಾ ಇಲ್ವಾ ನೋಡ್ತಿದೀನಿ. ಮಕ್ಕಳದಕ್ಕೆ ಮೂರು ಕೆಜಿ. ನೀರಲ್ಲಿ ಮೈಭಾರ ಅಷ್ಟಿರಲ್ಲ. ಮೂರು ಕೆಜಿ ಹೊತ್ತು ಅರ್ಧ ಗಂಟೆ ನಿಂತ್ರೆ, ಮಗೂನ ಮುಖ ನೀರಿಂದ ಮೇಲಿರುತ್ತೆ ಅಂತ ಲೆಕ್ಕ."

ನಾಲ್ಕು ನಿಮಿಷ ಕಳೆದಿರಬಹುದು. ಎಡದಿಂದ ಮೂರನೆಯ ಜಾಕೆಟ್ಟಿನ ಒಂದು ಭುಜ ಮೆಲ್ಲಗೆ ತಗ್ಗುತ್ತದೆ. "ಕುಡಿತಾ ಇದೆ" ಎನ್ನುತ್ತಾರೆ ಅವರು, ಮಣಿಕಟ್ಟಿನ ಗಡಿಯಾರ ನೋಡಿ. ಜಾಕೆಟ್ಟು ಇನ್ನಷ್ಟು ವಾಲುತ್ತದೆ, ಒಂದೆರಡು ಗುಳ್ಳೆ ಬಿಡುತ್ತದೆ. ಮುಳುಗುವ ಮುನ್ನ ಹೊರಳಿದಾಗ ಅದರ ಹೆಗಲ ಪಟ್ಟಿ ನನಗೆ ಕಾಣಿಸುತ್ತದೆ. ಅಲ್ಲೊಂದು ನೀಲಿ ಮೀನು. ಬಾಲಕ್ಕಿಂತ ಕಣ್ಣೇ ದೊಡ್ಡದಾದ ಮೀನು.

ನಿನ್ನೆ ಮಧ್ಯಾಹ್ನ ಆ ಮೀನನ್ನು ಪೆನ್ನಿನಿಂದ ಬರೆದದ್ದು ನನ್ನ ಮಗಳು.

ನಿನ್ನೆ ಇಡೀ ಮಧ್ಯಾಹ್ನ ಅವಳು ಅದೇ ಜಾಕೆಟ್ ತೊಟ್ಟು, ನಡು ಸರೋವರದಲ್ಲಿ, ದೋಣಿಯ ಅಂಚಿನಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ನಾವಿಬ್ಬರೂ ಹತ್ತು ಹೆಜ್ಜೆ ದೂರದಲ್ಲಿ, ಬೆನ್ನು ಹಾಕಿ, ಚಹಾ ಕುಡಿಯುತ್ತಿದ್ದೆವು. "ಅಷ್ಟು ಅಂಚಿಗೆ ಬೇಡ ಕಂದಾ" ಎಂದು ನಾನು ಕೂಗಿದ್ದೆ. "ಬಿಡು, ಜಾಕೆಟ್ ಹಾಕಿದಾಳಲ್ಲ" ಎಂದಿದ್ದರು ಅವಳ ಅಪ್ಪ. ಹೌದಲ್ಲ ಎಂದು ನಾನೂ ಸುಮ್ಮನಾಗಿದ್ದೆ.

ಆ ಹೆಂಗಸು ಹಗ್ಗ ಎಳೆದು ಜಾಕೆಟ್ಟನ್ನು ಮೇಲೆ ತರುತ್ತಾರೆ. ಹಿಂಡಿದರೆ ಬಕೆಟ್ಟಿನಷ್ಟು ನೀರು. ಸೊಂಟದಲ್ಲಿದ್ದ ಕತ್ತರಿ ತೆಗೆದು ಹೊಲಿಗೆ ಬಿಚ್ಚುತ್ತಾರೆ. ಒಳಗಿಂದ ಹಳದಿ ಸ್ಪಂಜು ಉಬ್ಬಿಕೊಂಡು ಹೊರಬರುತ್ತದೆ.

"ಹಾಸಿಗೆ ಸ್ಪಂಜು. ಒಣಗಿದ್ದಾಗ ಚೆನ್ನಾಗೇ ತೇಲುತ್ತೆ. ಆಮೇಲೆ ಕುಡಿಯೋಕೆ ಶುರುಮಾಡುತ್ತೆ. ಕುಡಿದ ಮೇಲೆ ಇದು ಮಗೂನ ಎತ್ತಲ್ಲ, ಎಳೆಯುತ್ತೆ." ಆಮೇಲೆ ನನ್ನ ಮುಖ ನೋಡುತ್ತಾರೆ. ಅವರಿಗೆ ಅರ್ಥವಾಗುತ್ತದೆ. ಮೇಡಂ ಎನ್ನುವುದು ಅಲ್ಲಿಗೆ ನಿಲ್ಲುತ್ತದೆ. "ಮಗು ಒಳಗೆ ಮಲಗಿದೆ ಅಲ್ವಾ ತಂಗಿ? ಹೋಗಿ ಒಂದ್ಸಲ ನೋಡ್ಕೊಂಡು ಬನ್ನಿ. ನೋಡೋ ತನಕ ನಾನು ಏನು ಹೇಳಿದ್ರೂ ನಿಮ್ಮ ತಲೆಗೆ ಹೋಗಲ್ಲ."

ಹೋಗಿ ನೋಡುತ್ತೇನೆ. ತಮ್ಮನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು, ಬಾಯಿ ತೆರೆದು ಮಲಗಿದ್ದಾಳೆ. ಅವಳ ಬೆನ್ನ ಮೇಲೆ ಕೈಯಿಟ್ಟು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಜೆಟ್ಟಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಟೈಲರಕ್ಕ ಎಂದೇ. ವಯಸ್ಸು ಐವತ್ತೇಳು. ಜೆಟ್ಟಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆ ತುಂಬ ಮೊಳೆಗೆ ತೂಗುಹಾಕಿದ ಜಾಕೆಟ್‌ಗಳು. ಹೌಸ್‌ಬೋಟುಗಳ ಪರದೆ, ದಿಂಬಿನ ಚೀಲ, ಕುರ್ಚಿಯ ಮೆತ್ತೆ ಹೊಲಿಯುವುದು ಹೊಟ್ಟೆಪಾಡು. ಜಾಕೆಟ್ ಪರೀಕ್ಷೆಗೆ ಯಾರೂ ಅವರನ್ನು ನೇಮಿಸಿಲ್ಲ. ಇಲ್ಲಿರುವ ಇಪ್ಪತ್ತೆರಡು ದೋಣಿಗಳಲ್ಲಿ ಒಂಬತ್ತರ ಮಾಲೀಕರು ಮಾತ್ರ ತಮ್ಮ ಜಾಕೆಟ್ ಮುಟ್ಟಲು ಬಿಡುತ್ತಾರೆ. ಮಿಕ್ಕ ದೋಣಿಗಳಿಂದ ಅಡುಗೆಯವರೋ ಕಸ ಗುಡಿಸುವವರೋ ಮಾಲೀಕರಿಗೆ ತಿಳಿಯದಂತೆ ತಂದಿಟ್ಟು ಹೋಗುತ್ತಾರೆ. ಹೊಸಬರೊಬ್ಬರು ಈ ಸಲವಷ್ಟೇ ಸಾಮಾನಿನ ಸಮೇತ ಕೊಂಡಿರುವ ನಮ್ಮ ದೋಣಿಯ ಐದು ಜಾಕೆಟ್‌ಗಳನ್ನು ನಿನ್ನೆ ಸಂಜೆ ಇಲ್ಲಿಟ್ಟವರು ನಮ್ಮ ಅಡುಗೆಯವರು.

ದಿನಕ್ಕೆ ಸುಮಾರು ಅರವತ್ತು ಜಾಕೆಟ್, ನಸುಕಿನ ನಾಲ್ಕರಿಂದ ಐದು ಸರದಿ. ಒಂದೊಂದು ಸರದಿಗೂ ಅರ್ಧ ಗಂಟೆ. ಕಳೆದ ವರ್ಷ ಮುಳುಗಿದ್ದು ನೂರ ನಲವತ್ತಮೂರು. ಮುಳುಗಿದ್ದರ ಪಟ್ಟಿಗಳನ್ನೆಲ್ಲ ಅವರು ಕತ್ತರಿಸಿಹಾಕುತ್ತಾರೆ, ಯಾರೂ ಮತ್ತೆ ತೊಡಿಸದ ಹಾಗೆ.

ಇದನ್ನು ಯಾಕೆ ಶುರುಮಾಡಿದಿರಿ ಎಂದು ಕೇಳುತ್ತೇನೆ. ಏನೋ ಒಂದು ಸೇವೆ ಎಂಬಂಥ ಉತ್ತರ ಬರಬಹುದು ಎಂದುಕೊಂಡಿದ್ದೆ.

"ನಾನೇ ತುಂಬಿದ್ದೆ ತಂಗಿ" ಎನ್ನುತ್ತಾರೆ.

ನನಗೆ ತಕ್ಷಣ ಅರ್ಥವಾಗುವುದಿಲ್ಲ.

"ಹಾಸಿಗೆ ಸ್ಪಂಜು. ನಾನೇ, ಈ ಕೈಯಲ್ಲೇ ತುಂಬಿದ್ದು."

ಹನ್ನೊಂದು ವರ್ಷದ ಹಿಂದಿನ ಮಾತು. ಮಾಲೀಕರೊಬ್ಬರು ಮಕ್ಕಳ ನಲವತ್ತು ಜಾಕೆಟ್ ತಂದು ಹಾಕಿದರು. ಒಳಗಿನ ಫೋಮು ಪುಡಿಪುಡಿಯಾಗಿತ್ತು. ಏನಾದರೂ ತುಂಬಿ ಹೊಲಿದುಕೊಡಿ, ನಾಡಿದ್ದಿನಿಂದ ಮಕ್ಕಳಿಗೆ ರಜೆ ಎಂದರು. ಟೈಲರಕ್ಕನ ಬಳಿ ಮೆತ್ತೆ ಹೊಲಿದು ಉಳಿದ ಒಳ್ಳೆಯ ಸ್ಪಂಜಿತ್ತು. "ಮೆತ್ತಗಿರುತ್ತೆ, ಮಕ್ಕಳ ಕುತ್ತಿಗೆಗೆ ಒತ್ತಲ್ಲ ಅಂತ ಖುಷಿಯಿಂದಲೇ ತುಂಬಿದೆ. ಹಾಗೇ ಕೊಡಲಿಲ್ಲ, ನೀರಿಗೆ ಹಾಕಿ ನೋಡ್ದೆ. ತೇಲ್ತು. ಒಂದು ನಿಮಿಷ ನೋಡ್ದೆ. ಎರಡನೇ ನಿಮಿಷ ನೋಡಲಿಲ್ಲ."

ಮೂರನೆಯ ವಾರ ನಾಲ್ಕು ವರ್ಷದ ಹುಡುಗನೊಬ್ಬ ಮೇಲ್ಮಹಡಿಯ ಮೆಟ್ಟಿಲಿನಿಂದ ಜಾರಿ ಸರೋವರಕ್ಕೆ ಬಿದ್ದ. ಜಾಕೆಟ್ ತೊಟ್ಟಿದ್ದ. ಅವನ ತಾಯಿ ಮೊದಲು ಕಿರುಚಲೇ ಇಲ್ಲವಂತೆ. ಹೆದರ್ಬೇಡ ಪುಟ್ಟಾ, ತೇಲ್ತೀಯ, ಕೈ ಆಡಿಸು ಎಂದು ಧೈರ್ಯ ಹೇಳುತ್ತ ಕಟಕಟೆ ಹಿಡಿದು ನಿಂತಿದ್ದರಂತೆ. ಅಷ್ಟು ದೊಡ್ಡ ದೋಣಿ ತಿರುಗುವಷ್ಟರಲ್ಲಿ ಹುಡುಗನ ಗದ್ದ ನೀರಿಗಿಳಿಯಿತು, ಆಮೇಲೆ ಮೂಗು. ದೋಣಿ ಓಡಿಸುತ್ತಿದ್ದವರು ಚುಕ್ಕಾಣಿ ಬಿಟ್ಟು ಹಾರಿದರು. ಎತ್ತಿ ತಂದಾಗ ಮಗು ಉಸಿರಾಡುತ್ತಿರಲಿಲ್ಲ. ಬೋರಲು ಹಾಕಿ, ಬೆನ್ನು ತಟ್ಟಿ, ಬಾಯಿಗೆ ಬಾಯಿಟ್ಟು ಊದಿದ ಮೇಲೆ ಕೆಮ್ಮಿತು.

ಹಾಗೆ ಹಾರಿದವರು ಟೈಲರಕ್ಕನ ಗಂಡ.

"ನಮ್ಮವರು ಮನೆಗೆ ಬಂದ್ರು. ಮೈಯೆಲ್ಲ ಒದ್ದೆ. ಕೈಯಲ್ಲಿ ಆ ಜಾಕೆಟ್ಟು. ನನ್ನ ಮಿಷಿನ್ ಮೇಲೆ ಇಟ್ರು. ನಾನು ಹೊಲಿಗೆ ಮುಗಿಸುವಾಗ ಮೂರು ಸಲ ಹಿಂದಕ್ಕೆ ಹೊಡೀತೀನಿ, ಅದು ಅವರಿಗೆ ಗೊತ್ತು. 'ಇದು ನಿನ್ನ ಹೊಲಿಗೆ' ಅಂದ್ರು. ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಾಗ್ತಿತ್ತು."

ಅದು ಅವರಿಬ್ಬರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಟೈಲರಕ್ಕ ಮಾಲೀಕರ ಬಳಿ ಹೋದರು. "ಸುಮ್ನಿರಿ, ಮಗು ಬದುಕಿದೆಯಲ್ಲ. ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೋತೀರಾ?" ಎಂದರಂತೆ. ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋದರು. ಹುಡುಗನ ತಾಯಿ ಮಂಚದ ಪಕ್ಕದಲ್ಲಿ ಕೂತಿದ್ದರು. ಆ ಜಾಕೆಟ್ ಹೊಲಿದವಳು ನಾನು, ಒಳಗೆ ಹಾಸಿಗೆ ಸ್ಪಂಜು ತುಂಬಿದವಳೂ ನಾನೇ ಎಂದು ಹೇಳಿದರು.

"ಹೊಡೀತಾರೆ ಅಂದ್ಕೊಂಡಿದ್ದೆ. ಹೊಡೆಸಿಕೊಳ್ಳೋಕೇ ಹೋಗಿದ್ದೆ ಅಂದ್ರೂ ಸರಿಯೇ. ಆಯಮ್ಮ ಒಂದೇ ಮಾತು ಕೇಳಿದ್ರು. 'ಇನ್ನೆಷ್ಟಿವೆ?'"

ಇನ್ನು ಮೂವತ್ತೊಂಬತ್ತು ಇದ್ದವು. ಅಷ್ಟರಲ್ಲಿ ಅವು ಆರೇಳು ದೋಣಿಗಳಿಗೆ ಹಂಚಿಹೋಗಿದ್ದವು. ಗಂಡ ಹೆಂಡತಿ ಇಬ್ಬರೂ ದೋಣಿಯಿಂದ ದೋಣಿಗೆ ಹತ್ತಿ ಇಳಿದು, ಬೇಡಿ, ಬೈಸಿಕೊಂಡು, ಎರಡು ಕಡೆ ಕದ್ದು, ಎಲ್ಲವನ್ನೂ ವಾಪಸು ತಂದರು. ಕೊನೆಯದು ಸಿಕ್ಕಿದ್ದು ಹದಿನೇಳನೆಯ ದಿನ, ಯಾರದೋ ತಲೆಯಡಿ ದಿಂಬಾಗಿ. "ಅದೊಂದು ಮಾತ್ರ ಸರಿಯಾದ ಕೆಲಸಕ್ಕೆ ಬಂದಿತ್ತು" ಎಂದು ನಗುತ್ತಾರೆ. ಆ ನಗು ಬೇಗ ಆರುತ್ತದೆ.

ಹಾಗೆ ಹುಡುಕುವಾಗಲೇ ಅವರಿಗೆ ಇನ್ನೊಂದು ಆಘಾತ ಕಾದಿತ್ತು. ಬೇರೆಯವರು ತುಂಬಿದ ಜಾಕೆಟ್‌ಗಳಲ್ಲಿ ಹಳೆ ಬಟ್ಟೆ ಚೂರು, ಸಾಮಾನು ಕಟ್ಟುವ ಕಾಗದ, ಒಂದರಲ್ಲಿ ಒಣಹುಲ್ಲು. ಅಂಗಡಿಯಿಂದ ಹೊಸದಾಗಿ ಬಂದವುಗಳಲ್ಲೂ ಸ್ಪಂಜೇ ಇದ್ದದ್ದುಂಟು. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಒಂದು ವರ್ಷ ಯಾವ ದೋಣಿಯವರೂ ಅವರಿಗೆ ಹೊಲಿಗೆ ಕೊಡಲಿಲ್ಲ. ಶಾಲೆಯ ಚೀಲ ಹೊಲಿದು ಸಂಸಾರ ತೂಗಿಸಿದರು. ಒಬ್ಬರಂತೂ ತೂಕದ ಕಲ್ಲುಗಳನ್ನೆಲ್ಲ ಸರೋವರಕ್ಕೆ ಎಸೆದರು. "ನಮ್ಮವರು ಮುಳುಗಿ ಮುಳುಗಿ ತೆಗೆದ್ರು. ಆಗ ಮಂಡಿ ಗಟ್ಟಿಯಾಗಿತ್ತು. ಈಗ ಮೆಟ್ಟಿಲು ಇಳಿಯೋಕೇ ನನ್ನ ಭುಜ ಬೇಕು."

ಅಷ್ಟರಲ್ಲಿ ಅರ್ಧ ಗಂಟೆ ತುಂಬಿದೆ. ನಮ್ಮ ದೋಣಿಯ ಐದರಲ್ಲಿ ನಾಲ್ಕು ಮುಳುಗಿವೆ. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ನಿನ್ನೆ ನನ್ನ ಮಗ ತೊಟ್ಟದ್ದು.

"ಬೇಜಾರ್ ಮಾಡ್ಕೋಬೇಡಿ" ಎನ್ನುತ್ತಾರೆ ಟೈಲರಕ್ಕ. ಅವರೇ ತಪ್ಪು ಮಾಡಿದವರ ಹಾಗೆ. "ಇದು ತಾಯಂದಿರ ಕಣ್ಣಿಗೆ ಬೀಳಬಾರ್ದು ಅಂತಲೇ ಇಷ್ಟು ಬೇಗ ಮಾಡೋದು. ಸಂತೋಷವಾಗಿರೋಕೆ ಬಂದಿರ್ತಾರೆ ಪಾಪ. ನಿಮಗೆ ಕಾಣಿಸಿಬಿಡ್ತು."

ನನಗೆ ರೇಗುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲ. "ಕಾಣಿಸಬೇಕು ಅಕ್ಕ" ಎನ್ನುತ್ತೇನೆ. "ಎಂಟು ಗಂಟೆಗೆ ಮಾಡಿ. ಎಲ್ಲರ ಎದುರಿಗೆ ಮಾಡಿ. ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಜನ ಹೆದರ್ಕೋತಾರೆ."

"ಹೆದರ್ಲಿ. ನಾನು ಹೆದರಲಿಲ್ವಾ?"

ಅವರು ಕತ್ತರಿಯನ್ನು ಸೆರಗಿಗೆ ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ.

ನಾನು ಗಂಡನನ್ನು ಎಬ್ಬಿಸುತ್ತೇನೆ. ಕತ್ತರಿಸಿದ ಜಾಕೆಟ್ಟನ್ನು, ಮೀನು ಮೇಲೆ ಕಾಣುವ ಹಾಗೆ, ಅವರ ತೊಡೆಯ ಮೇಲೆ ಇಡುತ್ತೇನೆ. ಅವರು ಎದ್ದು ಮಕ್ಕಳ ಮಂಚದ ಬಳಿ ಹೋಗಿ ನೆಲದ ಮೇಲೆ ಕೂತುಬಿಡುತ್ತಾರೆ. ಮಗಳು ಎದ್ದವಳೇ, "ನನ್ನ ಮೀನನ್ನ ಯಾರು ಕತ್ತರಿಸಿದ್ದು?" ಎಂದು ರಂಪ ತೆಗೆಯುತ್ತಾಳೆ. ಆ ರಂಪ ನನ್ನ ಕಿವಿಗೆ ಎಷ್ಟು ಹಿತವಾಗಿತ್ತೆಂದು ಹೇಗೆ ಬರೆಯಲಿ.

ಎಂಟು ಗಂಟೆಗೆ ಜೆಟ್ಟಿಯ ಮೇಲೆ ಜನವೋ ಜನ. ಟೋಪಿ, ಬಿಸ್ಕತ್ತು, ಗಾಳಿ ತುಂಬಿದ ಬಾತುಕೋಳಿ. ಎಲ್ಲ ಮಕ್ಕಳ ಮೈಮೇಲೂ ಕಿತ್ತಳೆ ಜಾಕೆಟ್. ಟೈಲರಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತಾರೆ. ಒಂದು ಕೈಯಲ್ಲಿ ತೂಕದ ಕಲ್ಲಿನ ಚೀಲ, ಇನ್ನೊಂದು ಕೈಯಲ್ಲಿ ಕುಂಟುವ ಗಂಡ. ಮುಳುಗಿದ ನಾಲ್ಕರಲ್ಲಿ ಅವರು ಕತ್ತರಿಸದೆ ಉಳಿಸಿದ್ದ ಒಂದನ್ನು ನಾನು ಹಿಂಡಿ, ಎಂಜಿನ್ನಿನ ಬಿಸಿಗೆ ಹಿಡಿದು ಒಣಗಿಸಿ ತಂದಿದ್ದೇನೆ. ಅದು ನನ್ನ ಮಗನದು.

"ಯಾರಮ್ಮಾ ಇದು? ಬೆಳಬೆಳಿಗ್ಗೆ ಏನಿದು ನಾಟಕ?" ನಮ್ಮ ದೋಣಿಯ ಮಾಲೀಕರು ದಾಪುಗಾಲು ಹಾಕುತ್ತ ಬರುತ್ತಾರೆ. "ನನ್ನ ಜಾಕೆಟ್ಟೆಲ್ಲ ಹೊಸದು. ದೋಣಿ ಮಾರಿದವರೇ ಹೇಳಿದಾರೆ."

"ಹೊಸದಾದ್ರೆ ತೇಲುತ್ತೆ ಬಿಡಿ ಅಣ್ಣ" ಎನ್ನುತ್ತಾರೆ ಟೈಲರಕ್ಕ. ಕಲ್ಲು ಕಟ್ಟಿ ನೀರಿಗೆ ಬಿಡುತ್ತಾರೆ.

ತೇಲುತ್ತದೆ. ಮಾಲೀಕರು ನಗುತ್ತಾರೆ. ಒಂದು ನಿಮಿಷ. ಇಬ್ಬರು ಮೂವರು ಹೊರಡಲು ತಿರುಗುತ್ತಾರೆ. "ಇನ್ನೊಂದು ನಿಮಿಷ ನೋಡಿ" ಎನ್ನುತ್ತಾರೆ ಟೈಲರಕ್ಕ, ಮೆಲ್ಲಗೆ. ಎರಡನೆಯ ನಿಮಿಷಕ್ಕೆ ಜಾಕೆಟ್ ವಾಲುತ್ತದೆ. ಮೂರಕ್ಕೆ ಕುತ್ತಿಗೆಪಟ್ಟಿ ನೀರಿಗಿಳಿಯುತ್ತದೆ. ಆಮೇಲೆ ಹಗ್ಗವೊಂದೇ ಕಾಣುತ್ತದೆ. ಯಾವುದೋ ಮಗು ಬಿಸ್ಕತ್ತು ಕಡಿಯುವುದು ಕೇಳಿಸುತ್ತದೆ. ಮಾಲೀಕರ ಮುಖ ನೋಡುತ್ತೇನೆ. ಬೆಳ್ಳಗೆ ಬಿಳಿಚಿಕೊಂಡಿದೆ. ಅವರಿಗೂ ಗೊತ್ತಿರಲಿಲ್ಲ.

ಮೊದಲು ಕದಲಿದವರು ಹಿಂದಿನ ಸಾಲಿನಲ್ಲಿದ್ದ ಒಬ್ಬ ತಂದೆ. ಹೆಗಲ ಮೇಲಿದ್ದ ಮಗಳನ್ನು ಇಳಿಸಿ, ಅವಳ ಜಾಕೆಟ್ಟಿನ ಕೊಂಡಿ ಬಿಚ್ಚಿ, ತಂದು ಟೈಲರಕ್ಕನ ಮುಂದೆ ಹಿಡಿಯುತ್ತಾರೆ. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಒಬ್ಬ ಅಜ್ಜಿ. ಆಮೇಲೆ ತಳ್ಳಾಟ, ಎಲ್ಲ ಕೈಗಳೂ ಒಟ್ಟಿಗೇ ಮುಂದಕ್ಕೆ. ಹನ್ನೊಂದು ವರ್ಷ ಪ್ರವಾಸಿಗರ ಕಣ್ಣು ತಪ್ಪಿಸಿ ಈ ಕೆಲಸ ಮಾಡಿದ ಹೆಂಗಸು ಒಂದು ಗಳಿಗೆ ತಬ್ಬಿಬ್ಬಾಗಿ ಗಂಡನ ಕಡೆ ನೋಡುತ್ತಾರೆ. ಅವರು ಹಗ್ಗ ಬಿಡಿಸಲು ಕೂರುತ್ತಾರೆ.

ಟೈಲರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ.

"ಸಾಲಾಗಿ ಬನ್ನಿ" ಎನ್ನುತ್ತಾರೆ. "ಚಿಕ್ಕೋರದ್ದು ಮೊದಲು."