ಮಾದನಾಯಕನಹಳ್ಳಿಯಿಂದ ಸಾರೋಟಿನಲ್ಲಿ

ಊಟ ಮುಗಿಸಿ, ಬೂಟಿಗೆ ಪಾಲಿಶ್ ಹಾಕಿ, ಹೂಡಿಯಲ್ಲಿ ಮೆಟ್ರೊ ಹತ್ತಿದೆ. ಅಂದು ಸಂಜೆ ಪೀಣ್ಯದ ಛತ್ರದಲ್ಲಿ ಮೊಮ್ಮಗಳು ಶ್ರುತಿಯ ಆರತಕ್ಷತೆ. ನಾನು ಕುದುರೆ ಪೊಲೀಸ್ ಪಡೆಯಲ್ಲಿ ಸವಾರನಾಗಿದ್ದವನು. ದಸರೆಯ ಪಟ್ಟದ ಕುದುರೆ, ಸಾರೋಟುಗಳ ಕಥೆ ಕೇಳುತ್ತ ಬೆಳೆದ ಹುಡುಗಿಗೆ ತಾನೂ ಸಾರೋಟಿನಲ್ಲೇ ಬರಬೇಕೆಂಬ ಆಸೆ. ಮದುವೆ ಏರ್ಪಾಟಿನವರಿಗೆ ನನ್ನ ಮಗ ಫೋನಿನಲ್ಲಿ "ಒಂದು ಕೋಚ್ ಬೇಕು" ಎಂದಿದ್ದ. ಬೆಳಿಗ್ಗೆ ಮನೆ ಮುಂದೆ ಬಂದು ನಿಂತದ್ದು ಹೂಮಾಲೆ ಹಾಕಿದ ಬಸ್ಸು!

"ಹೋಗ್ಲಿ ಬಿಡಿ ತಾತ," ಎಂದಳು ಶ್ರುತಿ. ಕಣ್ಣು ಮಾತ್ರ ಆಸೆ ಬಿಟ್ಟಿರಲಿಲ್ಲ. ಮಾದನಾಯಕನಹಳ್ಳಿಯಲ್ಲಿ ಸಾರೋಟು ಇಟ್ಟಿರುವ ಸಾಬೀರನಿಗೆ ಫೋನ್ ಮಾಡಿದೆ. "ಗಾಡಿ ಐತೆ ಸಾರ್, ಓಡ್ಸೋ ಹುಡ್ಗ ಊರಿಗೋಗವ್ನೆ. ಜೊತೆಗೆ ನೀವು ಬಂದ್ರೆ ಹೊರಡೋಣ," ಎಂದ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಮಾದಾವರದಲ್ಲಿ ಇಳಿದೆ. ಅಲ್ಲಿಂದ ಬಸ್ಸು. ಬಿಸಿಲು ಜೋರಾಗಿತ್ತು. ಗೋದಾಮುಗಳ ಹಿಂದಿನ ತಗಡಿನ ಲಾಯದಲ್ಲಿ ಹುರುಳಿ ತಿನ್ನುತ್ತಿದ್ದ ಬಿಳಿಯ ಕುದುರೆ ಜೋಡಿಯನ್ನು ಕಂಡೊಡನೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಲಾಳ ನೋಡಿದೆ, ಕಡಿವಾಣ ಬಿಗಿದೆ, ಮುಂದಿನ ಸೀಟಿನಲ್ಲಿ ಸಾಬೀರನ ಪಕ್ಕ ಕೂತು ಲಗಾಮು ಹಿಡಿದೆ.

ತುಮಕೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ಲಾರಿಗಳು ಹಾರನ್ ಹೊಡೆದರೂ ಕುದುರೆಗಳು ಬೆದರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಟಪಟಪ ಸದ್ದು! ಅಷ್ಟರಲ್ಲಿ ಎಡಕ್ಕೊಂದು ಛತ್ರ. ಸೀರಿಯಲ್ ಲೈಟು, ಬ್ಯಾಂಡು. ಎಷ್ಟು ಜಗ್ಗಿದರೂ ಕೇಳದೆ ಎರಡೂ ಕುದುರೆಗಳು ಸೀದಾ ಗೇಟಿನೊಳಗೆ ನುಗ್ಗಿ ಚಪ್ಪರದಡಿ ನಿಂತವು.

"ಲೈಟು, ಬ್ಯಾಂಡು ಕಂಡ್ರೆ ಡ್ಯೂಟಿ ಅಂದ್ಕೊಂಡ್ಬಿಡ್ತವೆ ಸಾರ್," ಎಂದು ಸಾಬೀರ್ ತಲೆ ಕೆರೆದುಕೊಂಡ.

"ಗಂಡು ಬಂತು!" ಎಂದು ಯಾರೋ ಕೂಗಿದರು. ಆರತಿ ತಟ್ಟೆ ಹಿಡಿದು ಓಡಿ ಬಂದ ಹೆಂಗಸು ನನ್ನನ್ನು ನೋಡಿ ಬೆಪ್ಪಾದಳು. ಹಿಂದಿನಿಂದ ಒಬ್ಬ, "ವಯಸ್ಸಾದ್ರೂ ಗತ್ತು ನೋಡು ಮಗಾ!" ಎಂದ. ಎಲ್ಲರೂ ಹೋ ಎಂದು ನಕ್ಕರು.

ನನಗೆ ನಗುವಷ್ಟು ಹೊತ್ತಿರಲಿಲ್ಲ. ಬ್ಯಾಂಡು ನಿಂತಲ್ಲೇ ನುಡಿಯುತ್ತಿರುವಷ್ಟು ಹೊತ್ತು ಈ ಕುದುರೆಗಳು ಕದಲುವುದಿಲ್ಲ. ಬ್ಯಾಂಡು ನಡೆದರೆ ಹಿಂದೆಯೇ ನಡೆಯುತ್ತವೆ. ಮೆರವಣಿಗೆ ಕುದುರೆಗಳ ಪಾಠವೇ ಅದು. ಬ್ಯಾಂಡಿನ ಯಜಮಾನನಿಗೆ, "ನುಡಿಸ್ಕೊಂಡೇ ಗೇಟಿನಾಚೆವರೆಗೂ ಬನ್ನಿ ಅಣ್ಣ. ಪೀಣ್ಯದಲ್ಲಿ ನನ್ನ ಮೊಮ್ಮಗಳು ಕಾಯ್ತಿದಾಳೆ," ಎಂದೆ. ಅವನು ಕ್ಲಾರಿನೆಟ್ ಎತ್ತಿ ಮುಂದೆ ನಡೆದ. ಕುದುರೆಗಳು ವಿಧೇಯವಾಗಿ ತಿರುಗಿದವು.

"ಲೇ, ನಮ್ ಬ್ಯಾಂಡ್ ಎಲ್ಲಿಗೋ ಹೊಂಟೋಯ್ತು!" ಎಂದು ಹೆಣ್ಣಿನ ಕಡೆಯವರು ಹಿಂದೆ ಓಡಿ ಬಂದರು. ರಸ್ತೆ ಸಿಕ್ಕೊಡನೆ ಬ್ಯಾಂಡು ನಿಂತಿತು, ನಾವು ದೌಡು.

ಹೊತ್ತು ಮುಳುಗುವ ಮೊದಲೇ ಪೀಣ್ಯ ತಲುಪಿದೆವು. ಮೆರವಣಿಗೆ ಹೊರಡಬೇಕಾದ ಬೀದಿಯ ತುದಿಯಲ್ಲಿ ಶ್ರುತಿ, ಪಕ್ಕದಲ್ಲಿ ಮದುಮಗ. ಸಾರೋಟು ಕಂಡದ್ದೇ ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬಂದಳು. ನಾನು ಇಳಿದು, ಪದ್ಧತಿಯಂತೆ ಹಿಂದಿನ ಬಾಗಿಲು ತೆರೆದು ನಿಂತೆ.

"ಅಲ್ಲಿ ಕೂತ್ರೆ ಕುದುರೆ ಕಾಣಲ್ಲ ತಾತ," ಎಂದವಳೇ ಮುಂದಿನ ಸೀಟು ಹತ್ತಿ ಸಾಬೀರನ ಪಕ್ಕ ಕುಳಿತಳು.

"ಅಣ್ಣ, ಲಗಾಮು ಇತ್ತ ಕೊಡಿ!"

ಮೆತ್ತನೆಯ ಹಿಂದಿನ ಸೀಟಿನಲ್ಲಿ ಮದುಮಗನೂ ನಾನೂ ಉಳಿದೆವು. ಅವನು ಜನರಿಗೆ ಕೈ ಬೀಸತೊಡಗಿದ. ಒಂದು ಕ್ಷಣ ತಡೆದು ನಾನೂ ಬೀಸಿದೆ.