ಮೂಸಿ ನೋಡದ ಕೊಂಬು

ಹೋದ ವಾರ ಅಡುಗೆಮನೆಯ ಮೇಲಿನ ಹಲಗೆಯಿಂದ ಅರಿಷಿಣದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಪುಡಿಯ ಡಬ್ಬಿಯಲ್ಲ, ಕೊಂಬಿನದು. ಪಾಲಿಶ್ ಮಾಡದ, ಮೈಮೇಲೆ ಮಣ್ಣಿನ ಬಣ್ಣದ ಸಿಪ್ಪೆ ಇನ್ನೂ ಉಳಿದಿರುವ ಕೊಂಬು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಕೈ ಅಲ್ಲೇ ನಿಂತಿತು. ಸಾಂಗ್ಲಿಯಲ್ಲಿ ಇಷ್ಟು ವರ್ಷ ಕಳೆದವಳಿಗೆ ಅರಿಷಿಣದ ವಾಸನೆ ಹೊಸದೇನಲ್ಲ. ಮಾರ್ಕೆಟ್ ಯಾರ್ಡಿನ ಕಡೆಯಿಂದ ಗಾಳಿ ಬೀಸಿದರೆ ಒಣಗಲು ಹಾಕಿದ ಸೀರೆಗೂ ಅದೇ ವಾಸನೆ. ಆದರೆ ಡಬ್ಬಿಯೊಳಗೆ ಮುಚ್ಚಿಟ್ಟ ಈ ವಾಸನೆ ಬೇರೆ. ಅದು ನನಗೆ ಮಾವಶಿಯ ವಾಸನೆ.

ಮಾವಶಿ ಅಂದರೆ ನನ್ನ ತಾಯಿಯ ತಂಗಿಯಲ್ಲ, ಪಕ್ಕದ ಮನೆಯವರು. ಇಡೀ ಗಲ್ಲಿ ಅವರನ್ನು ಹಾಗೇ ಕರೆಯುತ್ತಿತ್ತು. ತವರಿನವರು ಗಡಿಯ ಕಡೆ ಕುರಿ ಕಾಯುವವರು. ಗಂಡ ತೀರಿಕೊಂಡ ಮೇಲೆ ಮಾವಶಿ ಅರಿಷಿಣದ ಗೋದಾಮಿನಲ್ಲಿ ಕೊಂಬು ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಉಗುರಿನ ಸಂದಿ, ಅಂಗೈಯ ಗೆರೆ, ಕುಪ್ಪಸದ ತೋಳು ಎಲ್ಲವೂ ಹಳದಿ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ.

ನಾನು ಅಥಣಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನ ಮನೆಯವರೂ ನಮ್ಮಂತೆ ಕನ್ನಡ ಮೂಲದ ಜೈನರೇ, ಆದರೆ ಮನೆಯಲ್ಲಿ ನಡೆಯುವುದು ಮರಾಠಿ. ಅತ್ತೆಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ನೆನಪಾಗುತ್ತಿತ್ತು. ಹೀಗಾಗಿ ಹೊಸ ಸೊಸೆಗೆ ಕನ್ನಡ ಕೇಳುವ ಭಾಗ್ಯಕ್ಕೇನೂ ಕೊರತೆ ಇರಲಿಲ್ಲ! ಬೈಗುಳ ಬಿಟ್ಟು ಬೇರೆ ಕನ್ನಡ ಬೇಕೆನಿಸಿದಾಗ ನಾನು ಮಾವಶಿಯ ಕಟ್ಟೆಗೆ ಹೋಗಿ ಕೂರುತ್ತಿದ್ದೆ. "ಬಾರವಾ, ಕುಂದರ" ಅನ್ನುತ್ತಿದ್ದರು. ಅಷ್ಟು ಕೇಳಿದರೆ ನನ್ನ ಅರ್ಧ ದಿನ ಹಗುರಾಗುತ್ತಿತ್ತು.

ಅವರ ಕಟ್ಟೆಯ ಮೇಲೆ ಯಾವಾಗಲೂ ಯಾರಾದರೂ ಇರುತ್ತಿದ್ದರು. ಮಳೆಗಾಲ ಬಂತೆಂದರೆ ಮೂಗು ಕಟ್ಟಿದವರು, ಹಣೆ ಭಾರವಾದವರು, ಕಣ್ಣಿನ ಕೆಳಗೆ ಕುಟ್ಟಿದಂತೆ ನೋಯುವವರು ಎಲ್ಲ ಅಲ್ಲಿಗೇ. ಡಾಕ್ಟರು ಅದಕ್ಕೆ ಸಾಯನಸ್ ಅನ್ನುತ್ತಾರೆ. ಮಾವಶಿಗೆ ಅದು ಬರೀ "ಹಣಿ ಕಟ್ಟೂದು". ಕುದಿಯುವ ನೀರಿಗೆ ತುಳಸಿ, ಗವತಿ ಚಹಾ ಅನ್ನುವ ನಿಂಬೆಹುಲ್ಲು, ಒಂದು ಚಿಟಿಕೆ ಅಜವಾನ, ಅಂದರೆ ಓಮ, ಹಾಕಿ, ತಲೆಯ ಮೇಲೆ ತವರಿನ ಕರಿ ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ಮಕ್ಕಳಿಗಾದರೆ ಹುರಿದ ಅಜವಾನವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಗಿಗೆ ಹಿಡಿಯುತ್ತಿದ್ದರು. ಬೆಳ್ಳುಳ್ಳಿಯ ಔಷಧಿಗಳೂ ಇದ್ದವು, ಆದರೆ ನಮ್ಮ ಮನೆಗೆ ಅವನ್ನು ಹೇಳುತ್ತಿರಲಿಲ್ಲ. "ನಿಮ್ಮ ಮಂದಿಗೆ ನಡ್ಯಾಂಗಿಲ್ಲ, ನನಗ ಗೊತ್ತೈತಿ" ಅಂತ ತಾವೇ ಒಣಶುಂಠಿಗೆ ಬದಲಿಸುತ್ತಿದ್ದರು. ನಮ್ಮ ಅತ್ತೆಗೆ ಕಂಬಳಿಯ ಉಣ್ಣೆ ವಾಸನೆ ಆಗದು ಎಂದು ಅವರಿಗೊಂದು ಹತ್ತಿಯ ಚಾದರ ಬೇರೆಯೇ ಒಗೆದು ಇಟ್ಟಿದ್ದರು.

ಎಲ್ಲಕ್ಕಿಂತ ದೊಡ್ಡ ಮದ್ದು ಕೊಂಬಿನ ಹೊಗೆ. ಅರಿಷಿಣದ ಕೊಂಬನ್ನು ತುಪ್ಪದಲ್ಲಿ ಅದ್ದಿ, ದೀಪಕ್ಕೆ ಹಿಡಿದು, ತುದಿ ಹೊತ್ತಿದ ಕೂಡಲೇ ಉರಿ ಊದಿ ಆರಿಸಿ, ಎದ್ದ ಹೊಗೆಯನ್ನು ಒಂದೊಂದೇ ಹೊಳ್ಳೆಯಿಂದ ಎಳೆದುಕೊಳ್ಳಬೇಕು. ಇದಕ್ಕೆ ಮಾವಶಿಯ ಒಂದು ಕಟ್ಟುನಿಟ್ಟು ಇತ್ತು. ಯಾರ ಮೂಗೋ ಅವರ ಮನೆಯ ಕೊಂಬು. ಗೋದಾಮಿನಲ್ಲಿ ರಾಶಿ ರಾಶಿ ಕೊಂಬು ಮುಟ್ಟುವವರು ಅಲ್ಲಿಂದ ಒಂದನ್ನೂ ತರುತ್ತಿರಲಿಲ್ಲ. ನಾವು ತಂದದ್ದನ್ನು ಮೊದಲು ಮುರಿದು, ಮೂಸಿ, ಆಮೇಲೆ ಹಚ್ಚುತ್ತಿದ್ದರು. ಆ ಮೂಗಿನ ಮೇಲೆ ಅವರಿಗೆ ಸಣ್ಣ ಜಂಬವೂ ಇತ್ತು.

ಆ ವರ್ಷ ಶ್ರಾವಣದ ಜಿಟಿಜಿಟಿ ಮಳೆ. ಅತ್ತೆಗೆ ಮೂರು ದಿನದಿಂದ ತಲೆ ಎತ್ತಲು ಆಗುತ್ತಿರಲಿಲ್ಲ. ಬೆಳಿಗ್ಗೆ ಮಾವಶಿಯನ್ನು ಮನೆಗೇ ಕರೆಸಿದರು. "ಕೊಂಬು ತಾ" ಎಂದು ನನಗೆ ಹೇಳಿದರು. ಡಬ್ಬಿ ಖಾಲಿ. ಚೀಲ ಅಟ್ಟದ ಮೇಲೆ, ಅದಕ್ಕೆ ಏಣಿ ಇಡಬೇಕು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಪಡಸಾಲೆಯಿಂದ ಅತ್ತೆಯ ಕನ್ನಡ ಶುರುವಾಗಿತ್ತು. ಹಿತ್ತಲ ಬಾಗಿಲ ಬಳಿ ಒಂದು ಬುಟ್ಟಿಯಲ್ಲಿ ಒಣಗಿದ ಕೊಂಬುಗಳಿದ್ದವು. ಕಸಬೆ ಡಿಗ್ರಜ ಊರಿನ ಹೊಲದಿಂದ ಭಾವ, ಗಂಡನ ಅಣ್ಣ, ತಂದು ಇಟ್ಟದ್ದು. ಸೋಮಾರಿತನ ಅನ್ನಿ, ಹೆದರಿಕೆ ಅನ್ನಿ, ನಾನು ಅದರಲ್ಲಿ ಒಂದನ್ನು ಎತ್ತಿ, ತೊಳೆದು ಒರೆಸಿ, ತುಪ್ಪ ಸವರಿ ತಂದುಕೊಟ್ಟೆ.

ಮಾವಶಿ ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಇದ್ಯಾಕ ಇಷ್ಟ ಹಗರ ಐತಿ?"

"ಹಳೇದ್ರಿ ಮಾವಶಿ."

"ಡಬ್ಬ್ಯಾಗಿಂದ ಹೌದಲ್ಲ?"

"ಹೌದ್ರಿ."

ಆ ದಿನ ಅವರಿಗೇ ನೆಗಡಿ. ಊರ ಮಂದಿಯ ಮೂಗು ಬಿಡಿಸುವವರ ಮೂಗೇ ಕಟ್ಟಿತ್ತು. ಕೊಂಬನ್ನು ಮುರಿಯದೆ ಹಾಗೇ ನನ್ನ ಮುಂದೆ ಹಿಡಿದು, "ನೀನ ಮೂಸಿ ನೋಡವಾ, ನನಗ ಏನೂ ತಿಳಿವಲ್ದು" ಅಂದರು. ನಾನು ಮೂಗಿನ ಹತ್ತಿರ ಹಿಡಿದಂತೆ ಮಾಡಿ, "ಛಲೋ ಐತ್ರಿ" ಅಂದೆ. ನನ್ನ ಕಿವಿ ಎಲ್ಲ ಹಾಲಿನ ಕಡೆಗೆ...

ಹೊಗೆ ಎಳೆದುಕೊಂಡ ಸ್ವಲ್ಪ ಹೊತ್ತಿಗೆ ಅತ್ತೆಗೆ ಕೆಮ್ಮು ಹತ್ತಿತು. ಮೊದಲು ಎಲ್ಲರೂ ಕಫ ಒಡೆಯುತ್ತಿದೆ ಅಂದುಕೊಂಡೆವು. ಆಮೇಲೆ ಉಸಿರು ಸಿಗದೆ ಅವರ ತುಟಿ ಕಪ್ಪಿಟ್ಟಿತು. ಮಾವಶಿ ಎದೆ ನೀವುತ್ತಾ "ಅಕ್ಕಾರ, ಅಕ್ಕಾರ" ಅಂತ ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಕುಪವಾಡದ ವರ್ಕ್‌ಶಾಪಿನಿಂದ ನನ್ನ ಗಂಡ ಓಡಿ ಬಂದರು. ರಿಕ್ಷಾದಲ್ಲಿ ಹಾಕಿಕೊಂಡು ಮಿರಜದ ಆಸ್ಪತ್ರೆಗೆ ಹೋದೆವು.

ಮರುದಿನ ಬಟ್ಟೆ ತರಲು ಮನೆಗೆ ಬಂದೆ. ಹಿತ್ತಲಲ್ಲಿ ಭಾವ ಯಾರದೋ ಆಡನ್ನು ಬುಟ್ಟಿಯಿಂದ ಓಡಿಸುತ್ತಿದ್ದರು. ಬಿತ್ತನೆಗೆಂದು ಕೀಟದ ಔಷಧಿಯಲ್ಲಿ ಅದ್ದಿ, ಮಿಕ್ಕಿದ ಬೀಜದ ಕೊಂಬಂತೆ ಅದು. ಮಣ್ಣಲ್ಲಿ ಹೂಳಬೇಕು ಅನ್ನುತ್ತಲೇ ಉಳಿದಿತ್ತಂತೆ. "ಬಾಯಿ ಹಾಕಿದ್ದರೆ ಸಾಯುತ್ತಿತ್ತು" ಎಂದು ಮರಾಠಿಯಲ್ಲಿ ಆಡಿಗೆ ಬೈದರು.  ನನ್ನ ತವರಿನವರು ಕಬ್ಬು ಬೆಳೆಯುವವರು, ಅರಿಷಿಣದ ಬೀಜಕ್ಕೆ ಔಷಧಿ ಹಾಕುತ್ತಾರೆಂದು ನನಗೆ ತಿಳಿದಿರಲಿಲ್ಲ. ಅದು ನಿಜ. ಆದರೆ ಆ ಕ್ಷಣದಿಂದ ತಿಳಿದಿತ್ತು, ಅದೂ ನಿಜ.

ಮೂರನೆಯ ದಿನ ಡಾಕ್ಟರು ಕೇಳಿದರು, ಆ ಹೊಗೆಯಲ್ಲಿ ಅರಿಷಿಣದ ಜೊತೆ ಬೇರೆ ಏನಾದರೂ ಇತ್ತೇ ಎಂದು. ಕೈಯಲ್ಲಿ ಚಹಾದ ಥರ್ಮಾಸ್ ಹಿಡಿದು ನಾನು ಅಲ್ಲೇ ನಿಂತಿದ್ದೆ. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹೇಳಿದರೆ ತವರಿಗೆ ಕಳಿಸುತ್ತಾರೆ ಅನ್ನುವುದೊಂದೇ ತಲೆಯಲ್ಲಿ ಕೂತಿತ್ತು. ಗಂಡ "ಏನೂ ಇಲ್ಲ, ಪಕ್ಕದ ಮನೆಯಾಕೆ ಕೊಟ್ಟದ್ದು" ಅಂದರು. ನಾನು ಬಾಯಿ ತೆರೆಯಲಿಲ್ಲ. ಅತ್ತೆ ಬದುಕಿದ್ದು ದೇವರ ದಯೆ, ನನ್ನದಲ್ಲ.

ಅವರು ಮನೆಗೆ ಬಂದ ಮಾರನೆಯ ದಿನ ಮಾವಶಿ ಅಜವಾನದ ಗಂಟು ಹಿಡಿದು ನೋಡಲು ಬಂದರು. ಅತ್ತೆ ಹಾಸಿಗೆಯಿಂದಲೇ ಕೂಗಿದರು, "ಹೊಸ್ತಿಲಾ ದಾಟಬ್ಯಾಡ. ನನ್ನ ಕೊಲ್ಲಾಕ ಮತ್ತ ಬಂದಿ?" ಬಾಗಿಲ ಬಳಿ ನಾನಿದ್ದೆ. ಮಾವಶಿ ಒಮ್ಮೆ ನನ್ನ ಕಡೆ ನೋಡಿದರು, ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟರು. ಸುದ್ದಿ ಗಲ್ಲಿಯಲ್ಲಿ ಹರಡಲು ಎಷ್ಟು ಹೊತ್ತು? ಕಟ್ಟೆ ಖಾಲಿಯಾಯಿತು. ಮಕ್ಕಳ ಮೂಗಿಗೆ ಗಂಟು ಹಿಡಿಯುವುದಕ್ಕೂ ಯಾರೂ ಕರೆಯಲಿಲ್ಲ.

ಕೆಲ ದಿನಗಳ ನಂತರ ಬಸದಿಗೆ ಹೋಗುವ ದಾರಿಯ ತಿರುವಿನಲ್ಲಿ ಸಿಕ್ಕರು. ಸೆರಗಿನ ಗಂಟು ಬಿಚ್ಚಿ ಅರ್ಧ ಸುಟ್ಟ ಆ ಕೊಂಬು ತೋರಿಸಿದರು. 

"ಇದು ಅಡಗಿಗೆ ಕುದಿಸಿ ಒಣಗಿಸಿದ್ದಲ್ಲ ಯವ್ವಾ, ಬಿತ್ತೂದು. ಅವತ್ತ ಕೈ ಹೇಳತಿತ್ತು, ನಾ ಕೇಳಲಿಲ್ಲ. ನಂದೂ ತಪ್ಪೈತಿ."

ನಾನು ಅಳತೊಡಗಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾ ಯಾರ ಮುಂದೂ ಹೇಳಂಗಿಲ್ಲ. ನೀ ಹೊಸಾಕಿ, ಬಾಳೇವು ಮಾಡಬೇಕಾದಾಕಿ. ನಿನಗ ಧೈರ್ಯ ಬಂದ ದಿನಾ ನೀನ ಹೇಳು. ನನ್ನ ಕಟ್ಟಿ ಮ್ಯಾಲ ಮಂದಿ ಮತ್ತ ಬರ್ತಾರ."

ನಾಳೆ ಹೇಳೋಣ ಅಂದುಕೊಂಡೆ. ದೀಪಾವಳಿ ಕಳೆಯಲಿ ಅಂದುಕೊಂಡೆ. ಮಗಳು ಹುಟ್ಟಲಿ, ಆಮೇಲೆ ನನ್ನನ್ನು ಯಾರೂ ಹೊರಗೆ ಹಾಕುವುದಿಲ್ಲ ಅಂದುಕೊಂಡೆ. ಮಗಳು ಹುಟ್ಟಿದಳು. ಮಾವಶಿ ಸಂಜೆ ಕಟ್ಟೆಯ ಮೇಲೆ ಒಬ್ಬರೇ ಕೂತು, ನಾನು ಹಾಯುವಾಗ ತಲೆಯೆತ್ತಿ ನೋಡುತ್ತಿದ್ದರು. ಕೊನೆಕೊನೆಗೆ ನಾನು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದೆ. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ, ನಾಚಿಕೆ ಮಾತ್ರ ಇದೆ.

ಮಗಳಿಗೆ ಎರಡು ತುಂಬುವ ಹೊತ್ತಿಗೆ ಅವರು ಮನೆ ಬಿಟ್ಟು ಕವಲಾಪುರದಲ್ಲಿ ತಮ್ಮ ಮಗಳ ಮನೆಗೆ ಹೋದರು. ಕವಲಾಪುರ ಏನು ದೂರ? ಬಸ್ಸು ಹತ್ತಿದರೆ ಮುಗಿಯಿತು. ನಾನು ಹತ್ತಲಿಲ್ಲ. ಒಂದು ದಿನ ಕಾಯಿಪಲ್ಲೆ ಮಾರುವಾಕೆ, ಮಾವಶಿ ತೀರಿಕೊಂಡು ತಿಂಗಳಾಯಿತು ಎಂದಳು. ನಾನು ಮೆಂತ್ಯದ ಕಟ್ಟು ಆರಿಸುತ್ತಿದ್ದೆ. ಒಂದು ಕಟ್ಟು ತೆಗೆದುಕೊಂಡು ಒಳಗೆ ಬಂದೆ... ಅಡುಗೆ ಮಾಡಿದೆ ಕೂಡ.

ಅತ್ತೆಗೆ ಈಗ ಎಂಬತ್ತರ ಹತ್ತಿರ. ಹೋದ ವಾರ ಮತ್ತೆ ಹಣೆ ಕಟ್ಟಿತು. ಮಿರಜದ ಡಾಕ್ಟರು ಮೂಗಿಗೆ ಸಿಂಪಡಿಸುವ ಔಷಧಿ ಕೊಟ್ಟಿದ್ದಾರೆ, ಮಗಳು ಹಬೆ ತೆಗೆದುಕೊಳ್ಳುವ ಮಷಿನ್ ತಂದಿದ್ದಾಳೆ. ಅತ್ತೆ ಅದನ್ನು ದೂರ ತಳ್ಳಿ ಕೊಂಬು ಕೇಳಿದರು. ಹೊಗೆ ಕೂಡದೆಂದು ಡಾಕ್ಟರು ಹೇಳಿದ್ದಾರೆ ಅಂದೆ. "ಹಚ್ಚಬೇಡ. ಬರೀ ಮೂಸುತ್ತೇನೆ" ಎಂದು ಮರಾಠಿಯಲ್ಲಿ ಅಂದರು. ನಾನು ಡಬ್ಬಿ ತಂದು ಮುಂದಿಟ್ಟೆ. ಅವರು ಒಂದು ಕೊಂಬನ್ನು ಬೆರಳಲ್ಲಿ ತಿರುಗಿಸುತ್ತಾ, "ಅವಳ ಕೈಗುಣ ಚೆನ್ನಾಗಿತ್ತು. ಅವತ್ತೊಂದು ದಿನ ಯಾಕೆ ಹಾಗೆ ಮಾಡಿದಳೋ..." ಅಂದರು.

ನಾನು ಹೇಳಿಬಿಟ್ಟೆ. ಬುಟ್ಟಿ, ಹಾಲು, ಡಾಕ್ಟರ ಪ್ರಶ್ನೆ, ಸೆರಗಿನ ಗಂಟು, ಎಲ್ಲವನ್ನೂ. ಮಾವಶಿ ತೀರಿಕೊಂಡದ್ದನ್ನೂ. ಹೇಳುವುದಕ್ಕೆ ಹಾಲು ಕಾಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಇಷ್ಟನ್ನು ನಾನು ಇಷ್ಟು ವರ್ಷ ಹೊತ್ತಿದ್ದೆ.

 ಅತ್ತೆ ಸಿಟ್ಟಿಲ್ಲದ ಕನ್ನಡದಲ್ಲಿ ಕೇಳಿದರು. ಅವರ ಬಾಯಲ್ಲಿ ಅಂಥ ಕನ್ನಡ ನಾನು ಕೇಳಿದ್ದು ಅದೇ ಮೊದಲು.

"ನಾ ಆಕೀನ ಹೊಸ್ತಿಲದಿಂದ ಹೊಳ್ಳಿ ಕಳಿಸಿದಾಗ ನೀ ಅಲ್ಲೇ ನಿಂತಿದ್ದಿ?"

"ನಿಂತಿದ್ನಿರಿ."

"ಆಕಿಗೆ ಎಲ್ಲಾ ಗೊತ್ತಿತ್ತ?"

"ಗೊತ್ತಿತ್ರಿ."

ಅವರು ಕೊಂಬನ್ನು ಎರಡೂ ಕೈಯಿಂದ ಮುರಿದರು. ಚಟ್ಟೆಂದು ಮುರಿಯಿತು. ಒಂದು ತುಂಡನ್ನು ತಾವು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಇನ್ನೊಂದನ್ನು ನನ್ನ ಕಡೆ ಚಾಚಿದರು.

"ತಗೋ, ಮೂಸು. ಅವತ್ತ ಮೂಸಲಿಲ್ಲಲ್ಲ."

ತೆಗೆದುಕೊಂಡು ಮೂಗಿಗೆ ಹಿಡಿದೆ. ಅತ್ತೂ ಅತ್ತೂ ನನ್ನ ಮೂಗು ಕಟ್ಟಿಹೋಗಿತ್ತು. ಯಾವ ವಾಸನೆಯೂ ಬರಲಿಲ್ಲ.